ಅಡಿಗೆಮನೆಗೆ ತಕ್ಕ ಬೆಳಕು

ರೈತ ಕುಟುಂಬದಲ್ಲಿ ದಿನದ ಕೆಲಸ ಮೊದಲು ಆರಂಭವಾಗುವುದು ಅಡಿಗೆಮನೆಯಲ್ಲಿ; ಕೊನೆಗೆ ಮುಗಿಯುವುದೂ ಅಲ್ಲಿಯೇ. ಹೊಲಕ್ಕೆ ಹೋಗುವವರಿಗೆ ನಸುಕಿನಲ್ಲಿಯೇ ರೊಟ್ಟಿ ಅಥವಾ ಮುದ್ದೆ ಸಿದ್ಧವಾಗಬೇಕು. ಹೊಲದಿಂದ ಹಿಂತಿರುಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ರಾತ್ರಿಯ ಅಡಿಗೆಗೆ ಒಲೆ ಹೊತ್ತಬೇಕು. ಎಂದರೆ ಅಡಿಗೆಯ ಬಹುಪಾಲು ಕೆಲಸ ಸೂರ್ಯ ಹುಟ್ಟುವುದಕ್ಕೆ ಮೊದಲು ಮತ್ತು ಮುಳುಗಿದ ನಂತರವೇ ನಡೆಯುತ್ತದೆ. ಹೀಗಿದ್ದರೂ ಮನೆ ಕಟ್ಟುವಾಗ ಬೆಳಕಿನ ವಿಷಯದಲ್ಲಿ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವ ಕೋಣೆ ಅಡಿಗೆಮನೆಯೇ. ಪಡಸಾಲೆಗೆ ಒಳ್ಳೆಯ ಟ್ಯೂಬ್‌ಲೈಟು, ಜಗಲಿಗೆ ಒಂದು ದೀಪ ಹಾಕಿಸಿದ ಮೇಲೆ, ಉಳಿದ ಒಂದು ಹಳೆಯ ಬಲ್ಬು ಅಡಿಗೆಮನೆಗೆ ಬರುವುದು ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ.

1980ರ ದಶಕದಲ್ಲಿ ಭಾಗ್ಯಜ್ಯೋತಿ ಯೋಜನೆಯಡಿ ಬಡ ಕುಟುಂಬಗಳಿಗೆ ಒಂದು ದೀಪದ ಸಂಪರ್ಕ ದೊರೆಯುತ್ತಿತ್ತು. ಇದ್ದ ಒಂದು ದೀಪವನ್ನು ಎಲ್ಲರಿಗೂ ಕಾಣುವಂತೆ ಮನೆಯ ನಡುವೆ ತೂಗುಹಾಕುವುದು ಆಗ ಅನಿವಾರ್ಯವಾಗಿತ್ತು. ಈಗ ಹಳ್ಳಿಯ ಬಹುತೇಕ ಮನೆಗಳಿಗೆ ವಿದ್ಯುತ್ ಬಂದಿದೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ನೀಡುವ ಎಲ್.ಇ.ಡಿ. ದೀಪಗಳು ಪೇಟೆಯಲ್ಲೆಲ್ಲ ದೊರೆಯುತ್ತವೆ. ಆದರೆ ‘ಕೋಣೆಗೊಂದು ದೀಪ, ಅದೂ ನಡುಮಧ್ಯದಲ್ಲಿ’ ಎಂಬ ಹಳೆಯ ರೂಢಿ ಮಾತ್ರ ಹಾಗೆಯೇ ಉಳಿದಿದೆ. ಹೆಚ್ಚಿನ ಖರ್ಚಿಲ್ಲದೆ ಇದನ್ನು ಸರಿಪಡಿಸಲು ಸಾಧ್ಯವಿದೆ.

ಬೆಳಕು ಸಾಲದಿದ್ದರೆ ಆಗುವ ಹಾನಿ

ಮಂದ ಬೆಳಕಿನ ಅಡಿಗೆಮನೆಯಲ್ಲಿ ಕೇವಲ ಕಣ್ಣಿಗೆ ಆಯಾಸವಾಗುತ್ತದೆ ಎಂದು ತಿಳಿಯುವುದು ತಪ್ಪು. ಈಳಿಗೆಮಣೆಯ ಮೇಲೆ ತರಕಾರಿ ಹೆಚ್ಚುವಾಗ ಬೆರಳು ಕೊಯ್ಯುವುದು, ಕುದಿಯುವ ಎಸರು ಚೆಲ್ಲಿ ಕೈಕಾಲು ಸುಡುವುದು, ಸೀರೆಯ ಸೆರಗು ಒಲೆಯ ಉರಿಗೆ ತಾಗುವುದು, ಸೌದೆಯ ಸಂದಿಯಲ್ಲಿ ಅಡಗಿದ ಚೇಳು ಕಾಣದೆ ಕೈ ಹಾಕುವುದು - ಇಂತಹ ಅಪಘಾತಗಳಿಗೆ ಸಾಲದ ಬೆಳಕು ಒಂದು ಮುಖ್ಯ ಕಾರಣ.

ಆಹಾರದ ಶುದ್ಧತೆಯೂ ಬೆಳಕನ್ನು ಅವಲಂಬಿಸಿದೆ. ಅಕ್ಕಿಯಲ್ಲಿನ ಬಿಳಿ ಕಲ್ಲು, ಬೇಳೆಯಲ್ಲಿನ ಹುಳು, ಹಿಟ್ಟಿನಲ್ಲಿನ ಬಲೆ ಮಂದ ಬೆಳಕಿನಲ್ಲಿ ಕಾಣುವುದಿಲ್ಲ. ಬೂಷ್ಟು ಹಿಡಿದು ಬಣ್ಣಗೆಟ್ಟ ಶೇಂಗಾ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಸ್ತು ಇರುವ ಸಂಭವ ಹೆಚ್ಚು. ಇದು ಯಕೃತ್ತಿಗೆ ಹಾನಿಕರ; ಸಾಮಾನ್ಯವಾಗಿ ಹುರಿಯುವುದರಿಂದ ಪೂರ್ತಿ ನಾಶವಾಗುವುದೂ ಇಲ್ಲ. ಇಂತಹ ಬೀಜಗಳನ್ನು ಆರಿಸಿ ತೆಗೆಯುವುದೇ ಮನೆಯಲ್ಲಿ ಮಾಡಬಹುದಾದ ಉಪಾಯ. ಬಣ್ಣದ ವ್ಯತ್ಯಾಸ ಕಾಣದಿದ್ದರೆ ಆರಿಸುವುದಾದರೂ ಹೇಗೆ?

ಇನ್ನೊಂದು ಅಂಶವನ್ನು ಮನೆಯವರೆಲ್ಲರೂ ಗಮನಿಸಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹರೆಯದವರ ಕಣ್ಣಿನ ಒಳಪದರವನ್ನು ಮುಟ್ಟುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರುವತ್ತರ ವಯಸ್ಸಿನವರ ಕಣ್ಣಿಗೆ ಒದಗುತ್ತದೆ. ಆದ್ದರಿಂದ ಸೊಸೆಗೆ ಸಾಕೆನಿಸುವ ಬೆಳಕು ಅತ್ತೆಗೆ ಕತ್ತಲೆಯಾಗಿಯೇ ತೋರುತ್ತದೆ. ಅಕ್ಕಿಯಲ್ಲಿ ಕಲ್ಲು ಉಳಿಸಿದರೆಂದು ಹಿರಿಯರನ್ನು ದೂರುವ ಮೊದಲು ಅವರು ಕುಳಿತುಕೊಳ್ಳುವ ಜಾಗದ ಬೆಳಕನ್ನು ನೋಡುವುದು ಒಳಿತು.

ನೆರಳೇ ಮೊದಲ ತೊಡಕು

ಕೋಣೆಯ ನಡುವೆ ತೂಗುವ ದೀಪದಲ್ಲಿ ಒಂದು ದೊಡ್ಡ ದೋಷವಿದೆ. ಒಲೆ ಮತ್ತು ಕಟ್ಟೆ ಸಾಮಾನ್ಯವಾಗಿ ಗೋಡೆಗೆ ಹೊಂದಿಕೊಂಡಿರುತ್ತವೆ. ಅಡಿಗೆ ಮಾಡುವವರು ಗೋಡೆಯ ಕಡೆಗೆ ಮುಖ ಮಾಡಿದಾಗ ದೀಪ ಅವರ ಬೆನ್ನ ಹಿಂದೆ ಬರುತ್ತದೆ. ಬೆಳಕು ಬೆನ್ನಿನ ಮೇಲೆ ಬೀಳುತ್ತದೆ. ಅವರ ತಲೆ ಮತ್ತು ಹೆಗಲಿನ ನೆರಳು ಪಾತ್ರೆಯ ಮೇಲೆ ಬೀಳುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಕೋಣೆ ಬೆಳಗಬಹುದು. ಆದರೆ ಕೆಲಸ ನಡೆಯುವ ಜಾಗದಲ್ಲಿ ನೆರಳು ಹೋಗುವುದಿಲ್ಲ. ಆದ್ದರಿಂದ ‘ಎಷ್ಟು ವ್ಯಾಟ್?’ ಎಂಬ ಪ್ರಶ್ನೆಗಿಂತ ‘ಎಲ್ಲಿಂದ ಬೆಳಕು?’ ಎಂಬ ಪ್ರಶ್ನೆ ಮೊದಲು ಬರಬೇಕು.

ಹಗಲಿನ ಬೆಳಕನ್ನು ಒಳಗೆ ತರುವುದು

ಖರ್ಚಿಲ್ಲದ ಬೆಳಕು ಹಗಲಿನದು. ಹೊಸ ಮನೆ ಕಟ್ಟುವವರು ನಕ್ಷೆ ಹಾಕುವಾಗಲೇ ಇದನ್ನು ಯೋಚಿಸಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕೋಣೆಯ ನೆಲದ ವಿಸ್ತೀರ್ಣದಲ್ಲಿ ಬೆಳಕು-ಗಾಳಿಗಾಗಿ ಬಿಡುವ ತೆರಪು ಒಣ ಬಿಸಿಲಿನ ಪ್ರದೇಶದಲ್ಲಿ ಹತ್ತನೆಯ ಒಂದು, ಸಾಧಾರಣ ಹವೆಯ ಪ್ರದೇಶದಲ್ಲಿ ಎಂಟನೆಯ ಒಂದು, ಬಿಸಿ ಹಾಗೂ ತೇವದ ಪ್ರದೇಶದಲ್ಲಿ ಆರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಇದರಂತೆ 10 ಅಡಿ ಉದ್ದ, 8 ಅಡಿ ಅಗಲದ ಅಡಿಗೆಮನೆಗೆ ಕಲಬುರ್ಗಿ, ರಾಯಚೂರಿನ ಕಡೆ 8 ಚದರ ಅಡಿ ಸಾಕು. ಕರಾವಳಿಯಲ್ಲಿ 13 ಚದರ ಅಡಿಗಿಂತ ತುಸು ಹೆಚ್ಚೇ ಬೇಕು. ಅಡಿಗೆಮನೆಯ ಕಿಟಕಿಯಂತೂ 1 ಚದರ ಮೀಟರ್, ಅಂದರೆ ಸುಮಾರು 11 ಚದರ ಅಡಿಗೆ ಕಡಿಮೆ ಇರಕೂಡದೆಂದು ಅದೇ ಸಂಹಿತೆ ತಿಳಿಸುತ್ತದೆ.

ಕಿಟಕಿಯ ಅಳತೆಯಷ್ಟೇ ಅದರ ಎತ್ತರವೂ ಮುಖ್ಯ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವಿದೆಯೋ ಸುಮಾರು ಅದರ ಎರಡರಷ್ಟು ದೂರದವರೆಗೆ ಉಪಯುಕ್ತ ಬೆಳಕು ಒಳಕ್ಕೆ ಹೋಗುತ್ತದೆ. ಆದ್ದರಿಂದ ಅಗಲವಾಗಿ ತಗ್ಗಿನಲ್ಲಿರುವ ಕಿಟಕಿಗಿಂತ ಎತ್ತರಕ್ಕೆ ಏರಿದ ಕಿಟಕಿ ಮೇಲು. ಪೂರ್ವದ ಕಿಟಕಿಯಿಂದ ಬೆಳಗಿನ ಬೆಳಕು, ಉತ್ತರದ ಕಿಟಕಿಯಿಂದ ದಿನವಿಡೀ ತಂಪಾದ ಬೆಳಕು ದೊರೆಯುತ್ತದೆ. ಪಶ್ಚಿಮದ ಕಿಟಕಿಗೆ ಬೇಸಿಗೆಯ ಸಂಜೆ ಬಿಸಿಲು ಬಡಿಯುವುದರಿಂದ ಸಜ್ಜೆ ಅವಶ್ಯಕ. ಕಿಟಕಿಯ ಎದುರಿಗೆ ಪಾತ್ರೆ ತೊಳೆಯುವ ತೊಟ್ಟಿ ಅಥವಾ ತರಕಾರಿ ಹೆಚ್ಚುವ ಜಾಗ ಬರಲಿ. ಒಲೆಯನ್ನು ಕಿಟಕಿಯ ನೇರಕ್ಕೆ ಇಡಬಾರದು. ಗಾಳಿಗೆ ಗ್ಯಾಸಿನ ಉರಿ ಆರಿ ಅನಿಲ ಸೋರುವ ಅಪಾಯವಿದೆ.

ಹಳೆಯ ಮನೆಗಳಲ್ಲಿಯೂ ಉಪಾಯಗಳಿವೆ. ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಿಗೆ ಗಾಜಿನ ಹೆಂಚು ಅತ್ಯುತ್ತಮ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಬಗೆಯ ಹೆಂಚು ನಾಡಿನಲ್ಲೆಲ್ಲ ಹರಡಿತು. ಅದೇ ಅಚ್ಚಿನ ಗಾಜಿನ ಹೆಂಚನ್ನು ಮಣ್ಣಿನ ಹೆಂಚಿನ ಬದಲಿಗೆ ಕೂಡಿಸುವುದು ಸುಲಭ. ಸಾಧಾರಣ ಅಡಿಗೆಮನೆಗೆ ಎರಡು ಅಥವಾ ಮೂರು ಸಾಕು. ಒಲೆಯ ಮೇಲೆ ಅಟ್ಟವಿದ್ದರೆ ಅಟ್ಟವನ್ನು ತಪ್ಪಿಸಿ, ಕೆಲಸದ ಜಾಗಕ್ಕೆ ಬೆಳಕು ಬೀಳುವ ಕಡೆ ಅವನ್ನು ಹಾಕಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದ್ದೇ ಇರುತ್ತದೆ. ಆದರೆ ಮಳೆ ಬಂದಾಗ ಅದನ್ನು ಕಲ್ಲಿನಿಂದ ಮುಚ್ಚುವುದರಿಂದ ಬೇಕಾದಾಗಲೇ ಕತ್ತಲೆಯಾಗುತ್ತದೆ. ಬೆಳಕಿಂಡಿಯ ಸುತ್ತ 6 ರಿಂದ 9 ಅಂಗುಲ ಎತ್ತರದ ಕಟ್ಟೆ ಕಟ್ಟಿ, ಅದರ ಮೇಲೆ ದಪ್ಪ ಗಾಜನ್ನು ಇಳಿಜಾರಾಗಿ ಕೂಡಿಸಿ, ಹೊಗೆ ಹೋಗಲು ಬದಿಯಲ್ಲಿ ಸಂದು ಬಿಟ್ಟರೆ ಮಳೆಗಾಲದಲ್ಲಿಯೂ ಬೆಳಕು ತಪ್ಪುವುದಿಲ್ಲ.

ಗೋಡೆಯೂ ಬೆಳಕು ಕೊಡುತ್ತದೆ

ಹೊಸದಾಗಿ ಸುಣ್ಣ ಬಳಿದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಹೊಗೆಯಿಂದ ಮಸಿಗಟ್ಟಿದ ಗೋಡೆ ಶೇಕಡ 10ನ್ನೂ ಎಸೆಯಲಾರದು; ಉಳಿದುದನ್ನೆಲ್ಲ ನುಂಗುತ್ತದೆ. ಮಸಿ ಹಿಡಿದ ಕೋಣೆಯಲ್ಲಿ ದೀಪ ಹೆಚ್ಚಿಸುವುದೆಂದರೆ ತೂತು ಕೊಡಕ್ಕೆ ನೀರು ತುಂಬಿದಂತೆ. ಆದ್ದರಿಂದ ದೀಪ ಕೊಳ್ಳುವ ಮೊದಲು ಗೋಡೆ ಮತ್ತು ಮಾಡಿನ ಒಳಬದಿ ಬಿಳುಪಾಗಬೇಕು.

1 ಕಿಲೋಗ್ರಾಂ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರಿನಂತೆ ಅರಳಿಸಿ, ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ ಎರಡು ಸಲ ಬಳಿಯಬೇಕು. ಬಳಿಯುವ ಮೊದಲು ಮಸಿಯನ್ನು ಉಜ್ಜಿ ತೊಳೆಯದಿದ್ದರೆ ಸುಣ್ಣ ನಿಲ್ಲದು. ಸುಣ್ಣ ಅರಳುವಾಗ ಕುದಿದು ಸಿಡಿಯುವುದರಿಂದ ಕಣ್ಣಿಗೆ ಹಾರದಂತೆ ದೂರ ನಿಲ್ಲುವುದು ಮುಖ್ಯ. ಕಟ್ಟೆಗೆ ಕಪ್ಪು ಕಡಪ ಕಲ್ಲು ಹಾಕಿದ್ದರೆ ಅದರ ಹಿಂದಿನ ಗೋಡೆಗೆ 2 ಅಡಿ ಎತ್ತರ ಬಿಳಿ ಬಿಲ್ಲೆ ಹಾಕಿಸಿದಲ್ಲಿ ನಷ್ಟ ಸ್ವಲ್ಪ ತುಂಬುತ್ತದೆ, ಒರೆಸುವುದೂ ಸುಲಭ.

ಹೊಗೆ ಇರುವವರೆಗೆ ಗೋಡೆ ಬಿಳಿಯಾಗಿ ಉಳಿಯುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಹೊಗೆಕೊಳವೆಯ ಅಸ್ತ್ರ ಒಲೆ, ಗೋಬರ್ ಗ್ಯಾಸ್, ಅಡಿಗೆ ಅನಿಲ - ಇವುಗಳಲ್ಲಿ ಯಾವುದನ್ನು ಬಳಸಿದರೂ ಗೋಡೆಯ ಬಿಳುಪು ಉಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ ಗೃಹಿಣಿಯ ಶ್ವಾಸಕೋಶ ಮತ್ತು ಕಣ್ಣು ಉಳಿಯುತ್ತವೆ. ಸೌದೆಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿಯುವ ಹೆಂಗಸರಿಗೆ ಕಣ್ಣಿನ ಪೊರೆ ಬರುವ ಸಂಭವ ಹೆಚ್ಚು.

ಎಷ್ಟು ಬೆಳಕು ಬೇಕು?

ದೀಪ ಹೊರಸೂಸುವ ಬೆಳಕನ್ನು ಲ್ಯೂಮೆನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಚದರ ಮೀಟರ್ ಜಾಗದ ಮೇಲೆ 1 ಲ್ಯೂಮೆನ್ ಬಿದ್ದರೆ ಅದು 1 ಲಕ್ಸ್. ಅಡಿಗೆಮನೆಯಲ್ಲಿ ಓಡಾಡಲು, ಪಾತ್ರೆ ತೆಗೆದಿಡಲು 100 ರಿಂದ 150 ಲಕ್ಸ್ ಸಾಕು. ಹೆಚ್ಚುವ, ಆರಿಸುವ, ಒಲೆಯ ಮುಂದಿನ ಕೆಲಸಕ್ಕೆ ಸುಮಾರು 300 ಲಕ್ಸ್ ಇದ್ದರೆ ಒಳ್ಳೆಯದು. ವ್ಯಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಕೊಡುವ ಬೆಳಕಿನ ಅಳತೆಯಲ್ಲ. ಬೇರೆ ಬೇರೆ ದೀಪಗಳು ಕೊಡುವ ಬೆಳಕು ಸುಮಾರಾಗಿ ಹೀಗಿದೆ:

ಸೀಮೆಎಣ್ಣೆ ಬುಡ್ಡಿ - 10 ಲ್ಯೂಮೆನ್
60 ವ್ಯಾಟಿನ ಹಳೆಯ ಬಲ್ಬು - 700 ಲ್ಯೂಮೆನ್
36 ವ್ಯಾಟಿನ ಟ್ಯೂಬ್‌ಲೈಟು - 2,500 ಲ್ಯೂಮೆನ್
5 ವ್ಯಾಟಿನ ಎಲ್.ಇ.ಡಿ. - 500 ಲ್ಯೂಮೆನ್
9 ವ್ಯಾಟಿನ ಎಲ್.ಇ.ಡಿ. - 900 ಲ್ಯೂಮೆನ್
20 ವ್ಯಾಟಿನ ಉದ್ದ ಎಲ್.ಇ.ಡಿ. ಪಟ್ಟಿ - 2,000 ಲ್ಯೂಮೆನ್

ಹಳೆಯ ಬಲ್ಬು ತಾನು ತೆಗೆದುಕೊಂಡ ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನು ಶಾಖವಾಗಿ ಕಳೆಯುತ್ತದೆ. ಒಲೆಯ ಕಾವು ಮೊದಲೇ ಇರುವ ಕೋಣೆಗೆ ಇದು ಇನ್ನೊಂದು ಹೊರೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ, ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ, ಎಲ್.ಇ.ಡಿ. ಬಲ್ಬುಗಳನ್ನು ಹಳ್ಳಿಗಳಿಗೆ ಪರಿಚಯಿಸಿತು. ಕೊಳ್ಳುವಾಗ ಡಬ್ಬಿಯ ಮೇಲೆ ಬಿ.ಐ.ಎಸ್. ಗುರುತು, ಲ್ಯೂಮೆನ್ ಸಂಖ್ಯೆ ಹಾಗೂ ಅದು ತಡೆಯುವ ವೋಲ್ಟೇಜಿನ ಮಿತಿಯನ್ನು ನೋಡಬೇಕು. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುವ ಹಳ್ಳಿಗಳಲ್ಲಿ ಕಡಿಮೆ ವೋಲ್ಟೇಜಿನಲ್ಲಿಯೂ ಉರಿಯುವ ದೀಪವನ್ನೇ ಆರಿಸಬೇಕು. ಬಣ್ಣ ಸರಿಯಾಗಿ ತೋರುವ ಗುಣವನ್ನು ಸೂಚಿಸುವ ಸಂಖ್ಯೆ 80ಕ್ಕಿಂತ ಹೆಚ್ಚಿರಲಿ; ಬೇಳೆಕಾಳಿನ ಬಣ್ಣಗೇಡು ಆಗ ಬೇಗ ಕಾಣುತ್ತದೆ.

ದೀಪವನ್ನು ಎಲ್ಲಿ ಹಾಕಬೇಕು?

ಅಡಿಗೆಮನೆಗೆ ಎರಡು ದೀಪಗಳು ಬೇಕು: ಒಂದು ಕೋಣೆಗೆ, ಇನ್ನೊಂದು ಕೈಗೆ.

ಕೋಣೆಯ ದೀಪ: ಇದನ್ನು ಸೂರಿನ ನಡುವೆ ಅಥವಾ ಕಟ್ಟೆಗೆ ಅಡ್ಡಲಾಗಿರುವ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಹಾಕಬಹುದು. ಉದ್ದ ಪಟ್ಟಿಯ ದೀಪದಿಂದ ಬೀಳುವ ನೆರಳು ಮೃದುವಾಗಿರುವುದರಿಂದ ಅದು ಬಲ್ಬಿಗಿಂತ ಉತ್ತಮ.

ಕೈಯ ದೀಪ: ನಿಂತು ಅಡಿಗೆ ಮಾಡುವ ಕಟ್ಟೆ ಇದ್ದಲ್ಲಿ ಎದುರಿನ ಗೋಡೆಗೆ, ಕಟ್ಟೆಯಿಂದ 2 ರಿಂದ 2½ ಅಡಿ ಎತ್ತರದಲ್ಲಿ, ಕಪಾಟು ಇದ್ದರೆ ಅದರ ಕೆಳಗೆ ಸಣ್ಣ ದೀಪ ಹಾಕಬೇಕು. ಬೆಳಕು ನೇರವಾಗಿ ಕಣ್ಣಿಗೆ ಹೊಡೆಯದಂತೆ 2-3 ಅಂಗುಲದ ತಗಡಿನ ಅಥವಾ ಹಲಗೆಯ ಮರೆ ಮುಂದುಗಡೆ ಇರಬೇಕು. ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬಂದರೆ ಕತ್ತಿ ಹಿಡಿದ ಕೈಯ ನೆರಳು ಬೆರಳಿನ ಮೇಲೆ ಬೀಳದು. ದೀಪ ಒಲೆಯ ನೇರ ಮೇಲೆ ಬರಬಾರದು. ಆವಿ ಮತ್ತು ಎಣ್ಣೆಯ ಜಿಡ್ಡು ತಾಗಿ ಬೇಗ ಕೆಡುತ್ತದೆ. 2 ಅಡಿ ಪಕ್ಕಕ್ಕೆ ಸರಿಸಿದರೆ ಸಾಕು.

ಕುಳಿತು ಅಡಿಗೆ ಮಾಡುವ ಮನೆಗಳಲ್ಲಿ ಒಲೆಯ ಎಡಬದಿಯ ಗೋಡೆಗೆ, ನೆಲದಿಂದ 5 ಅಡಿ ಎತ್ತರದಲ್ಲಿ, ಒಲೆಗೆ 2-3 ಅಡಿ ದೂರದಲ್ಲಿ ಮರೆಯುಳ್ಳ ದೀಪ ಹಾಕಬೇಕು. ಬಲ್ಬು ಹತ್ತಿರ ಬಂದಷ್ಟೂ ಬೆಳಕು ಬಹಳ ಹೆಚ್ಚುತ್ತದೆ: ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಸಣ್ಣ ದೀಪವೇ ಸಾಕಾಗುವುದು ಇದರಿಂದಲೇ.

ಮುಂಗಾರಿನ ಮೊದಲ ಮಳೆಯ ನಂತರ ದೀಪಕ್ಕೆ ರೆಕ್ಕೆಯ ಗೆದ್ದಲು ಮುತ್ತಿ ಪಾತ್ರೆಗೆ ಬೀಳುವುದುಂಟು. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಬೇಕು. ನೀಲಿಛಾಯೆಯ ಬಿಳಿ ಬೆಳಕಿಗಿಂತ ತುಸು ಹಳದಿ ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆ. ಅಂಥ ದಿನಗಳಲ್ಲಿ ಕೈಯ ದೀಪವನ್ನು ಮಾತ್ರ ಬಳಸುವುದೂ ಒಂದು ಉಪಾಯ.

ಒಂದು ಲೆಕ್ಕ

10 ಅಡಿ ಉದ್ದ, 8 ಅಡಿ ಅಗಲದ ಅಡಿಗೆಮನೆಯನ್ನೇ ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ ಸುಮಾರು 7.4 ಚದರ ಮೀಟರ್. ಗೋಡೆ ಮಸಿಗಟ್ಟಿದ್ದು, ನಡುವೆ 60 ವ್ಯಾಟಿನ ಬಲ್ಬು ಇದ್ದರೆ, 700 ಲ್ಯೂಮೆನ್‌ನಲ್ಲಿ ಕೆಲಸದ ಮಟ್ಟಕ್ಕೆ ತಲುಪುವುದು ಸುಮಾರು 30 ಶೇಕಡ, ಎಂದರೆ 210 ಲ್ಯೂಮೆನ್. ಇದನ್ನು 7.4ರಿಂದ ಭಾಗಿಸಿದರೆ 28 ಲಕ್ಸ್. ಅದರಲ್ಲಿಯೂ ಗೃಹಿಣಿಯ ನೆರಳು ಕಳೆದರೆ ಕಟ್ಟೆಯ ಮೇಲೆ ಉಳಿಯುವುದು ಇನ್ನೂ ಕಡಿಮೆ.

ಗೋಡೆಗೆ ಸುಣ್ಣ ಬಳಿದು, ಸೂರಿಗೆ 20 ವ್ಯಾಟಿನ ಪಟ್ಟಿಯನ್ನೂ ಕಟ್ಟೆಯ ಮೇಲೆ 5 ವ್ಯಾಟಿನ ದೀಪವನ್ನೂ ಹಾಕಿದರೆ? ಬಿಳಿ ಗೋಡೆಯ ಕೋಣೆಯಲ್ಲಿ 2,000 ಲ್ಯೂಮೆನ್‌ನ ಅರ್ಧದಷ್ಟು ಕೆಲಸದ ಮಟ್ಟಕ್ಕೆ ಬರುತ್ತದೆ. ಕೋಣೆಗೆ ಸುಮಾರು 135 ಲಕ್ಸ್ ಆಯಿತು. ಸಣ್ಣ ದೀಪದ 500 ಲ್ಯೂಮೆನ್‌ನ ಅರ್ಧ, 12 ಚದರ ಅಡಿಯ ಕಟ್ಟೆಯ ಮೇಲೆ ಬಿದ್ದರೆ ಅಲ್ಲಿ ಇನ್ನೂ 220 ಲಕ್ಸ್‌ನಷ್ಟು ಸೇರುತ್ತದೆ. ನೆರಳಿನ ನಷ್ಟ ಕಳೆದರೂ ಕಟ್ಟೆಯ ಮೇಲೆ 300 ಲಕ್ಸ್ ಉಳಿಯುತ್ತದೆ.

ವಿದ್ಯುತ್ತಿನ ಖರ್ಚು ನೋಡಿದರೆ, 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಹೊಸ ಏರ್ಪಾಡಿನಲ್ಲಿ ಪಟ್ಟಿ 5 ಗಂಟೆ, ಸಣ್ಣ ದೀಪ 4 ಗಂಟೆ ಉರಿದರೂ ತಿಂಗಳಿಗೆ 3.6 ಯೂನಿಟ್ ಮಾತ್ರ. ಬೆಳಕು ಹತ್ತು ಪಟ್ಟು, ಖರ್ಚು ಅರ್ಧಕ್ಕಿಂತ ಕಡಿಮೆ.

ವಿದ್ಯುತ್ ಹೋದಾಗ

ಸಂಜೆಯ ಅಡಿಗೆಯ ವೇಳೆಗೆ ವಿದ್ಯುತ್ ಹೋಗುವ ಊರುಗಳಲ್ಲಿ ಕೈಯ ದೀಪವನ್ನಾದರೂ ಸೌರಶಕ್ತಿಗೆ ಜೋಡಿಸುವುದು ಲೇಸು. 20 ವ್ಯಾಟಿನ ಸೌರ ಫಲಕ, 12 ವೋಲ್ಟಿನ ಸಣ್ಣ ಬ್ಯಾಟರಿ ಇದ್ದರೆ 3 ವ್ಯಾಟಿನ ಎರಡು ದೀಪಗಳನ್ನು 4 ಗಂಟೆ ಉರಿಸಬಹುದು. ದಿನಕ್ಕೆ ಬೇಕಾಗುವುದು 24 ವ್ಯಾಟ್-ಗಂಟೆ ಮಾತ್ರ. ಫಲಕವನ್ನು ಮರದ ನೆರಳು ಬೀಳದೆಡೆ, ದಕ್ಷಿಣಕ್ಕೆ ಮುಖವಾಗಿ, ಸುಮಾರು 15 ಡಿಗ್ರಿ ಇಳಿಜಾರಿನಲ್ಲಿ ಕೂಡಿಸಿ, ವಾರಕ್ಕೊಮ್ಮೆ ಧೂಳು ಒರೆಸಬೇಕು. ಸೀಮೆಎಣ್ಣೆ ಬುಡ್ಡಿಯನ್ನು ಗ್ಯಾಸ್ ಒಲೆಯ ಸಮೀಪ ಎಂದಿಗೂ ಇಡಬಾರದು.

ಸುರಕ್ಷತೆಯ ಕ್ರಮಗಳು

1. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ದೀಪಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಇರಲಿ. ಸ್ವಿಚ್ಚು ಫೇಸ್ ತಂತಿಯ ಮೇಲೆಯೇ ಇರಬೇಕು.

2. ಅರ್ಥಿಂಗ್ ಇಲ್ಲದ ಅಡಿಗೆಮನೆ ಅಪಾಯಕಾರಿ. ನೀರಿನ ಕೈಯಲ್ಲಿ ಕೆಲಸ ಮಾಡುವ ಜಾಗವಾದ್ದರಿಂದ, ವಿದ್ಯುತ್ ಸೋರಿದ ಕೂಡಲೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸುವುದು ಅವಶ್ಯಕ.

3. ಸ್ವಿಚ್ಚು ಬಾಗಿಲ ಬಳಿ 4 ಅಡಿ ಎತ್ತರದಲ್ಲಿರಲಿ. ಒಲೆಯ ಹಿಂದೆ, ತೊಟ್ಟಿಯ ಪಕ್ಕದಲ್ಲಿ ಬೇಡ.

4. ಮಿಕ್ಸರಿಗೆ ಪ್ರತ್ಯೇಕ ಪ್ಲಗ್ ಇರಬೇಕು. ಬಲ್ಬಿನ ಹೋಲ್ಡರಿನಿಂದ ತಂತಿ ಎಳೆಯುವ ಅಭ್ಯಾಸ ಬಿಡಬೇಕು.

5. ಕತ್ತಲೆಯಲ್ಲಿ ಅಡಿಗೆಮನೆಗೆ ಕಾಲಿಟ್ಟಾಗ ಗ್ಯಾಸಿನ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟಲೇಬಾರದು. ಸ್ವಿಚ್ಚಿನ ಒಳಗೆ ಹುಟ್ಟುವ ಸಣ್ಣ ಕಿಡಿಯೇ ಸ್ಫೋಟಕ್ಕೆ ಸಾಕು. ಉರಿಯುತ್ತಿರುವ ದೀಪವನ್ನು ಆರಿಸುವುದೂ ಸಲ್ಲದು. ರೆಗ್ಯುಲೇಟರ್ ಮುಚ್ಚಿ, ಕಿಟಕಿ-ಬಾಗಿಲು ತೆರೆದು, ಎಲ್ಲರೂ ಹೊರಗೆ ಬರಬೇಕು. ಈ ವಿಷಯವನ್ನು ಮನೆಯ ಮಕ್ಕಳಿಗೂ ತಿಳಿಸಿರಬೇಕು.

6. ದೀಪವನ್ನು ತಿಂಗಳಿಗೊಮ್ಮೆ, ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಒಣ ಬಟ್ಟೆಯಿಂದ ಒರೆಸಬೇಕು. ಜಿಡ್ಡು ಹಿಡಿದ ದೀಪ ಒಳ್ಳೆಯದಾಗಿದ್ದರೂ ಬೆಳಕು ಕಳೆದುಕೊಂಡಿರುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಪರಿಣಾಮಕಾರಿ. ಸಂಜೆ ಏಳು ಗಂಟೆಯ ನಂತರ ಒಂದು ಮನೆಯ ಅಡಿಗೆಮನೆಯಲ್ಲಿ ಮಹಿಳಾ ಮಂಡಳಿಯ ಸದಸ್ಯೆಯರನ್ನು ಸೇರಿಸಬೇಕು. ಮೊರದಲ್ಲಿ ಅರ್ಧ ಸೇರು ಅಕ್ಕಿ ಹಾಕಿ, ಎಣಿಸಿದ 20 ಬಿಳಿ ಕಲ್ಲುಗಳನ್ನು ಬೆರೆಸಬೇಕು. ಗೃಹಿಣಿ ತಾನು ದಿನವೂ ಕೂರುವ ಜಾಗದಲ್ಲಿ ಕುಳಿತು ಎರಡು ನಿಮಿಷ ಆರಿಸಲಿ. ಸಿಕ್ಕ ಕಲ್ಲುಗಳನ್ನು ಎಣಿಸಬೇಕು. ಕಲ್ಲುಗಳನ್ನು ಮತ್ತೆ ಬೆರೆಸಿ, ಎಡಗಡೆಯಿಂದ 5 ವ್ಯಾಟಿನ ದೀಪ ಹಿಡಿದು ಇನ್ನೊಮ್ಮೆ ಆರಿಸಲು ಹೇಳಬೇಕು. ಎರಡೂ ಎಣಿಕೆಗಳನ್ನು ಸೇರಿದವರೇ ಹೋಲಿಸಿ ನೋಡಲಿ. ಈ ಪ್ರಾತ್ಯಕ್ಷಿಕೆಗೆ ಮನೆಯ ಯಜಮಾನರನ್ನೂ ಕರೆಯುವುದು ಒಳ್ಳೆಯದು.

ಇದಕ್ಕೆ ಕಾರಣವಿದೆ. ಮನೆಯ ವೈರಿಂಗ್ ನಿರ್ಧರಿಸುವವರು ಸಾಮಾನ್ಯವಾಗಿ ಗಂಡಸರು. ಜಾಗ ತೋರಿಸುವವರು ವೈರ್‌ಮನ್. ತಂತಿ ಎಲ್ಲಿ ಕಡಿಮೆ ಹಿಡಿಯುವುದೋ ಅಲ್ಲಿ ಹೋಲ್ಡರ್ ಕೂರುತ್ತದೆ. ಆ ಬೆಳಕಿನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಬೇಕಾದವರನ್ನು ಯಾರೂ ಕೇಳುವುದಿಲ್ಲ. ಗೋಡೆಗೆ ಪೈಪು ಹಾಕುವ ಮುನ್ನ ಗೃಹಿಣಿಯನ್ನು ಅಡಿಗೆಮನೆಗೆ ಕರೆದು, ಆಕೆ ಎಲ್ಲಿ ಹೆಚ್ಚುತ್ತಾಳೆ, ಎಲ್ಲಿ ಆರಿಸುತ್ತಾಳೆ, ಎಲ್ಲಿ ತೊಳೆಯುತ್ತಾಳೆ ಎಂದು ಕೇಳಿ ಸೀಮೆಸುಣ್ಣದಿಂದ ಗುರುತು ಮಾಡಬೇಕು. ದೀಪದ ಜಾಗ ಆ ಗುರುತುಗಳನ್ನು ಅನುಸರಿಸಿ ಬರಬೇಕು.

ಗೋಡೆಗೆ ಸುಣ್ಣ, ಹಗಲಿಗೆ ಕಿಟಕಿ ಅಥವಾ ಗಾಜಿನ ಹೆಂಚು, ರಾತ್ರಿಗೆ ಕೋಣೆಗೊಂದು ಮತ್ತು ಕೈಗೊಂದು ದೀಪ - ಇಷ್ಟನ್ನು ಕ್ರಮವಾಗಿ ಮಾಡಿದರೆ ಯಾವ ರೈತನ ಮನೆಯ ಅಡಿಗೆಕೋಣೆಯೂ ಕತ್ತಲೆಯಲ್ಲಿ ಉಳಿಯುವುದಿಲ್ಲ. ಒಂದೇ ಸಲಕ್ಕೆ ಎಲ್ಲವೂ ಆಗದಿದ್ದರೆ ಸುಣ್ಣದಿಂದ ಆರಂಭಿಸಬಹುದು. ಮುಂದಿನ ಹಬ್ಬದ ಹೊತ್ತಿಗೆ ಕೈಯ ದೀಪವೂ ಬರಲಿ.